ಸೆಕೆಂಡ್ ಹ್ಯಾಂಡ್ ಸ್ನೋ ಬೈಕ್ ಕಿಟ್: 2017ರ ಡಬ್ಲ್ಯೂಆರ್450ಎಫ್‌ಗೆ ಯಾವ್ದು ತಗೊಳ್ಲಿ?

ಕೊಪ್ಪದ_ಹುಡ್ಗ (ಬಾಯ್ಸಿ, ಐಡಹೋ)

ಎಲ್ರಿಗೂ ನಮಸ್ಕಾರ. ಡರ್ಟ್ ಬೈಕಿನ ಚಕ್ರ ಬಿಚ್ಚಿ ಮುಂದೆ ಒಂದು ಸ್ಕೀ, ಹಿಂದೆ ರಬ್ಬರ್ ಟ್ರ್ಯಾಕ್ ಹಾಕಿ ಹಿಮದಲ್ಲಿ ಓಡಿಸ್ತಾರಲ್ಲ, ಆ ಕಿಟ್ ಸೆಕೆಂಡ್ ಹ್ಯಾಂಡಲ್ಲಿ ತಗೊಳೋಣ ಅಂತಿದೀನಿ. ಬೈಕು 2017ರ ಯಮಹಾ ಡಬ್ಲ್ಯೂಆರ್450ಎಫ್, ಬೇಸಿಗೇಲಿ ಓವೈಹೀ ಕಡೆ ಮರಳು ಕಲ್ಲಲ್ಲಿ ಓಡ್ಸೋದು, ನವೆಂಬರ್ ಬಂತು ಅಂದ್ರೆ ಗ್ಯಾರೇಜಲ್ಲಿ ಕವರ್ ಹೊದ್ಕೊಂಡು ಏಪ್ರಿಲ್ ತನಕ ಮಲಗಿರುತ್ತೆ. ಇಲ್ಲಿಂದ ಮೆಕಾಲ್ ಎರಡೂವರೆ ಗಂಟೆ ದಾರಿ, ಆಫೀಸಲ್ಲಿ ಅರ್ಧ ಜನ ಚಳಿಗಾಲ ಪೂರ್ತಿ ಅಲ್ಲಿಗೆ ಸ್ನೋಮೊಬೈಲ್ ಎಳ್ಕೊಂಡು ಹೋಗಿ ಸೋಮವಾರ ಬಂದು ವಿಡಿಯೋ ತೋರಿಸ್ತಾರೆ, ನೋಡಿ ನೋಡಿ ಸಾಕಾಗಿದೆ.

ಹೊಸ ಕಿಟ್ ರೇಟ್ ಕೇಳಿ ಸುಮ್ನಾದೆ. ಈಗ ಎರಡು ಆ್ಯಡ್ ಕಣ್ಣಿಗೆ ಬಿದ್ದಿದೆ. ಬ್ರ್ಯಾಂಡ್ ಹೆಸರು ಹಾಕಲ್ಲ, ಹಾಕಿದ್ರೆ ಹುಡ್ಕಿ ನೀವೇ ಎತ್ಕೊಂಡ್ಬಿಡ್ತೀರ.

ಒಂದು 137 ಇಂಚಿಂದು (ಟ್ರ್ಯಾಕ್ ಉದ್ದ), ಹಳೇದು, 2,100 ಡಾಲರ್ ಹೇಳ್ತಿದಾನೆ, ಮೊದ್ಲು ಕೆಟಿಎಂ 450ಗೆ ಹಾಕಿದ್ದಂತೆ. ಇನ್ನೊಂದು 120 ಇಂಚಿಂದು, ಸ್ವಲ್ಪ ಹೊಸದು, 3,900 ಡಾಲರ್, 2020ರ ವೈಝಡ್450ಎಫ್ ಮೇಲಿಂದ ಬಿಚ್ಚಿದ್ದು, ಫಿಟ್ ಕಿಟ್ (ಬೈಕಿಗೆ ಕೂರಿಸೋ ಅಡಾಪ್ಟರ್, ಸ್ಪೇಸರ್ ಸೆಟ್) ಸಮೇತ ಕೊಡ್ತಾನಂತೆ. "ಅದೂ ಯಮಹಾ ಇದೂ ಯಮಹಾ, ಎರಡು ಬೋಲ್ಟು, ಕೂತ್ಕೊಳುತ್ತೆ" ಅಂತಾನೆ ಮಾರೋವ್ನು.

ನನಗೆ ಗೊತ್ತಾಗಬೇಕಿರೋದು ಇಷ್ಟು: 120 ಸಾಕಾ 137 ಬೇಕಾ, ನೋಡೋಕೆ ಹೋದಾಗ ಏನೇನು ಮುಟ್ಟಿ ನೋಡ್ಬೇಕು, ಕಿಟ್ ದುಡ್ಡು ಬಿಟ್ಟು ಮೇಲೆ ಎಷ್ಟು ಬೀಳುತ್ತೆ. ಇದೆಲ್ಲ ಬಿಟ್ಟು ಅದೇ ದುಡ್ಡಿಗೆ ಹಳೇ ಸ್ನೋಮೊಬೈಲೇ ತಗೊಳೋದು ವಾಸಿ ಅನ್ನೋರಿದ್ರೂ ಹೇಳಿ, ಬೇಜಾರಿಲ್ಲ.

ಹಿಮದ_ಹೋರಿ (ಕ್ಯಾಲ್ಗರಿ)

ಮೊದ್ಲು ಆ "ಯಮಹಾಗೆ ಯಮಹಾ" ಮಾತು ತಲೆಯಿಂದ ತೆಗೀರಿ. 2018ರಲ್ಲಿ ವೈಝಡ್450ಎಫ್‌ಗೆ ಹೊಸ ಫ್ರೇಮ್ ಬಂತು, ಡಬ್ಲ್ಯೂಆರ್‌ಗೆ ಅದು ಬಂದಿದ್ದು 2019ಕ್ಕೆ. ನಿಮ್ಮ 2017 ಹಿಂದಿನ ಫ್ರೇಮು. ಟ್ಯಾಂಕ್ ಮೇಲೆ ಒಂದೇ ಹೆಸರಿದ್ರೂ ಬೋಲ್ಟ್ ಕೂರೋ ಜಾಗ ಒಂದೇ ಅಂತ ನಂಬ್ಕೊಂಡು ದುಡ್ಡು ಕೊಡೋಕಾಗಲ್ಲ. ಫಿಟ್ ಕಿಟ್ ಅನ್ನೋದು ಕಂಪನಿ, ಮಾಡೆಲ್, ವರ್ಷ ಮೂರೂ ನೋಡಿ ಕೊಡೋ ಸಾಮಾನು.

ಹೊಸಬ್ರಿಗೆ ಇದು ತಲೆಗೆ ಹೋಗಲ್ಲ, ಅದಕ್ಕೆ ಬಿಡಿಸಿ ಹೇಳ್ತೀನಿ. ಕಿಟ್ ಕೂರಿಸೋವಾಗ ಹಿಂದಿನ ಚಕ್ರ ಮಾತ್ರ ಅಲ್ಲ, ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿಯೋ ತೋಳು) ಪೂರ್ತಿ ಬಿಚ್ಚಬೇಕು, ಹಿಂದಿನ ಶಾಕ್ ಕೂಡ ಬಿಚ್ಚಬೇಕು. ಸ್ವಿಂಗ್‌ಆರ್ಮ್ ಪಿವಟ್ ಬೋಲ್ಟ್ ಇದ್ದ ಜಾಗಕ್ಕೆ ಟ್ರ್ಯಾಕಿನ ಮುಂದಿನ ಭಾಗ ಕೂರುತ್ತೆ, ಶಾಕ್ ಮೇಲ್ಗಡೆ ಸಿಕ್ಕಿಸ್ತಿದ್ದ ಜಾಗದಿಂದ ಒಂದು ಸ್ಟ್ರಟ್ ಕೆಳಗೆ ಬಂದು ಟ್ರ್ಯಾಕ್ ಮೇಲೆ ಮುಚ್ಚಿರೋ ಲೋಹದ ಚೌಕಟ್ಟು, ಅಂದ್ರೆ ಟನಲ್‌ಗೆ ಸೇರುತ್ತೆ. ಮುಂದೆ ಫೋರ್ಕ್ ಕಾಲಿಗೆ ಸ್ಕೀ ಸ್ಪಿಂಡಲ್ ಹಿಡಿಯೋ ಅಡಾಪ್ಟರ್. ಬೈಕಿನ ಚೈನ್ ಟ್ರ್ಯಾಕಿನ ಮಧ್ಯದ ಅಡ್ಡ ಶಾಫ್ಟ್, ಅಂದ್ರೆ ಜ್ಯಾಕ್‌ಶಾಫ್ಟ್‌ಗೆ ಹೋಗುತ್ತೆ, ಅಲ್ಲಿಂದ ಇನ್ನೊಂದು ಚೈನ್ ಟ್ರ್ಯಾಕ್ ಓಡಿಸೋ ಡ್ರೈವ್‌ಶಾಫ್ಟ್ ತಿರುಗಿಸುತ್ತೆ. ಇದ್ರಲ್ಲಿ ಸ್ಪೇಸರ್ ಒಂದೆರಡು ಮಿಲಿಮೀಟರ್ ಆಚೀಚೆ ಆದ್ರೂ ಚೈನ್ ಲೈನ್ ಸೊಟ್ಟ. ಹಾಗಾಗಿ ಇವತ್ತೇ ಡೀಲರಿಗೆ ಫೋನ್ ಮಾಡಿ, ಆ 137 ಕಿಟ್‌ಗೂ ಈ 120 ಕಿಟ್‌ಗೂ 2017ರ ಡಬ್ಲ್ಯೂಆರ್ ಫಿಟ್ ಕಿಟ್ ಸಿಗುತ್ತಾ ಕೇಳಿ. ಹೊಸದಕ್ಕೆ ಕೆಲವು ನೂರು ಡಾಲರ್ ಆಗುತ್ತೆ. ಸಿಗಲ್ಲ ಅಂದ್ರೆ ಆ ಕಿಟ್ ಎಷ್ಟೇ ಚೆನ್ನಾಗಿದ್ರೂ ನಿಮಗೆ ಗುಜರಿ, ಅಲ್ಲಿಗೆ ಮಾತು ಮುಗೀತು.

ಬ್ರ್ಯಾಂಡ್ ಜಗಳಕ್ಕೆ ನಾನು ಬರಲ್ಲ. ಟಿಂಬರ್‌ಸ್ಲೆಡ್ ನಿಮ್ಮ ಐಡಹೋದ ಸ್ಯಾಂಡ್‌ಪಾಯಿಂಟಲ್ಲೇ ಹುಟ್ಟಿದ್ದು, 2015ರಲ್ಲಿ ಪೊಲಾರಿಸ್ ತಗೊಂಡ್ರು, ಸೆಕೆಂಡ್ ಹ್ಯಾಂಡ್ ಮಾರ್ಕೆಟಲ್ಲಿ ಜಾಸ್ತಿ ಕಾಣೋದು ಅದೇ. ನಮ್ಮ ಕೆನಡಾ ಕಡೆ ಯೇತಿ ಇದೆ, ಕಾರ್ಬನ್ ಫೈಬರ್ ಬಳಸ್ತಾರೆ, ಹಗುರ, ಹಳೇದಾದ್ರೂ ರೇಟ್ ಬೇಗ ಇಳಿಯಲ್ಲ. ಕ್ವಿಬೆಕ್‌ನ ಕ್ಯಾಮ್ಸೋದವರ ಡಿಟಿಎಸ್ 129 ಕೂಡ ಅಲ್ಲಲ್ಲಿ ಅಗ್ಗಕ್ಕೆ ಸಿಗುತ್ತೆ, ಆ ಕಂಪನೀನ 2018ರಲ್ಲಿ ಮಿಶೆಲಿನ್ ತಗೊಳ್ತು. ಯಾವ್ದೇ ಆಗ್ಲಿ, ಟ್ರ್ಯಾಕು, ಡ್ರೈವರ್ (ಟ್ರ್ಯಾಕ್ ತಿರುಗಿಸೋ ಹಲ್ಲುಗಾಲಿ), ಬೇರಿಂಗು, ಹೈಫ್ಯಾಕ್ಸ್ (ಟ್ರ್ಯಾಕ್ ಜಾರೋ ಪ್ಲಾಸ್ಟಿಕ್ ಪಟ್ಟಿ) ಈ ನಾಲ್ಕು ಇವತ್ತು ಆರ್ಡರ್ ಮಾಡಿದ್ರೆ ಬರುತ್ತಾ ಅಂತ ಅದೇ ಫೋನಲ್ಲಿ ಕೇಳ್ಬಿಡಿ.

ಇನ್ನು ಉದ್ದ. 120 ಬೇಗ ತಿರುಗುತ್ತೆ, ಮರಗಳ ಮಧ್ಯೆ ಆಟ ಆಡೋಕೆ ಮಜಾ, 250-300 ಸಿಸಿಗೂ ಎಳೆಯೋಕೆ ಸುಲಭ. ಮೊಣಕಾಲು ದಾಟೋ ಹೊಸ ಹಿಮದಲ್ಲಿ ನಿಂತ್ರೆ ಮಾತ್ರ ಹಿಂದ್ಗಡೆ ಗುಂಡಿ ತೋಡ್ಕೊಂಡು ಇಳಿಯುತ್ತೆ. 137 ತೇಲುತ್ತೆ, ಕಡಿದಾದ ಕಡೆ ಹತ್ತುತ್ತೆ, ಆದ್ರೆ ಉದ್ದ ಟ್ರ್ಯಾಕ್ ತಿರುಗಿಸೋಕೆ ಎಂಜಿನ್ ಬೇಕು. ನಿಮ್ಮದು 450, ಮೆಕಾಲ್ ಊರೇ 5,000 ಅಡಿ ಎತ್ತರದಲ್ಲಿದೆ, ನೀವು ಆಡೋದು ಅದಕ್ಕಿಂತ ಮೇಲೆ. ಪ್ರತಿ ಸಾವಿರ ಅಡಿಗೆ ಸುಮಾರು ಶೇಕಡಾ 3ರಷ್ಟು ಪವರ್ ಹೋಗುತ್ತೆ ಅಂತ ಲೆಕ್ಕ ಹಾಕಿದ್ರೂ 450 137ನ ಎಳೆಯುತ್ತೆ, ಕೌಂಟರ್‌ಶಾಫ್ಟ್ ಸ್ಪ್ರಾಕೆಟ್ (ಎಂಜಿನ್ ಕಡೆಯ ಚೈನ್ ಹಲ್ಲುಗಾಲಿ) ಒಂದು ಹಲ್ಲು ಚಿಕ್ಕದು ಹಾಕ್ಬೇಕಾಗಬಹುದು. ನಾನಾಗಿದ್ರೆ 129 ಸಿಗೋ ತನಕ ಕಾಯ್ತಿದ್ದೆ. ಈ ಎರಡರಲ್ಲೇ ಆರಿಸು ಅಂದ್ರೆ 137, ಕಂಡೀಶನ್ ಸರಿ ಇದ್ರೆ ಮಾತ್ರ.

ಹುಬ್ಬಳ್ಳಿ_ಮೋಟೋ (ಸಾಲ್ಟ್ ಲೇಕ್ ಸಿಟಿ)

ಹೋರಿ ಅವ್ರು ಹೇಳಿದ್ದು ಖರೇ ಐತಿ. ನಾನು ನೋಡೂ ಕೆಲಸದ ಬಗ್ಗೆ ಹೇಳ್ತೀನಿ, ಇಲ್ಲಿ ಕೆಎಸ್‌ಎಲ್ ಕ್ಲಾಸಿಫೈಡ್ಸ್ ಒಳಗ ಇಂಥಾ ಕಿಟ್ ಭಾಳ ಬರ್ತಾವು, ದೋಸ್ತರ ಜೋಡಿ ಹೋಗಿ ನೋಡಿ ನೋಡಿ ಕೈ ಪಳಗೇತಿ.

ಕಿಟ್‌ಗೆ ಅವರ್ ಮೀಟರ್ ಇರಂಗಿಲ್ರಿ, ಅದು ಬೈಕಿಗೆ ಇರ್ತದ. ಹಂಗಾಗಿ "ಒಂದೇ ಸೀಸನ್ ಓಡೇತಿ" ಅನ್ನೂ ಮಾತಿಗೆ ಬೆಲಿ ಇಲ್ಲ. ಕಣ್ಣಿಲೆ ನೋಡ್ರಿ, ಕೈಲೆ ಮುಟ್ರಿ. ಒಂದು ಟಾರ್ಚು, ಒಂದು ಹಳೇ ಅರಿವಿ, ಅಲೆನ್ ಕೀ ಸೆಟ್ ಒಯ್ರಿ.

ಮೊದಲ ಟನಲ್. ಮುಂದ ಬೈಕಿಗೆ ಬೋಲ್ಟ್ ಆಗೂ ಕಡೆ, ಸ್ಟ್ರಟ್ ಕೂಡೂ ಕಡೆ, ವೆಲ್ಡಿಂಗ್ ಸುತ್ತ ಕೂದಲೆಳಿ ಹಂಗ ಬಿರುಕು ಐತೇನು ನೋಡ್ರಿ. ರಿವೆಟ್ ಸುತ್ತ ಕರ್ರಗ ಪುಡಿ ಕಂಡ್ರ ಅದು ಅಳ್ಳಾಡಾಕತ್ತೇತಿ ಅಂತ ಅರ್ಥ. ಮತ್ತ ಹೊಸದಾಗಿ ಪೇಂಟ್ ಹೊಡದಿದ್ರ ಯಾಕ ಹೊಡದಿ ಅಂತ ಕೇಳ್ರಿ, ಉತ್ತರಕ್ಕಿಂತ ಅವನ ಮುಖ ನೋಡ್ರಿ.

ಆಮ್ಯಾಲ ಟ್ರ್ಯಾಕ್. ಇದು ಎಲ್ಲಾಕಿಂತ ತುಟ್ಟಿ ಸಾಮಾನು, ಇಲ್ಲೆ ಅವಸರ ಮಾಡಬ್ಯಾಡ್ರಿ. ಲಗ್ ಅಂದ್ರ ಹಿಮ ಕೆದರೂ ರಬ್ಬರ್ ಹಲ್ಲು, ಎರಡೂವರಿ ಇಂಚು, ಮೂರು ಇಂಚು ಹಿಂಗ ಇರ್ತಾವು. ತುದಿ ಸವದ್ರ ಅಡ್ಡಿ ಇಲ್ಲ, ಬುಡದಾಗ ಹರದಿದ್ರ ಬಿಡ್ರಿ. ಕಲ್ಲಿನ ಮ್ಯಾಲ, ಡಾಂಬರ್ ಮ್ಯಾಲ ಓಡಿಸಿದಾಂವ ಇದ್ರ ತುದಿ ದುಂಡಗ ಆಗಿರ್ತಾವು, ಗೊತ್ತಾಗ್ತದ. ಟ್ರ್ಯಾಕಿನ ಒಳಗ ಅಡ್ಡಡ್ಡ ಫೈಬರ್‌ಗ್ಲಾಸ್ ಕಡ್ಡಿ ಇರ್ತಾವು, ಒಂದೊಂದ ಸಾಲು ಎರಡೂ ಕೈಲೆ ಹಿಡದು ಮಣಸ್ರಿ. ಗಟ್ಟಿ ಇರಬೇಕು. ನಡುವ ಮೆತ್ತಗ ಮಡಚಿದ್ರ ಒಳಗ ಕಡ್ಡಿ ಮುರದೈತಿ. ಒಂದು ಮುರದ್ರ ರೇಟ್ ಇಳಸ್ರಿ, ಮೂರ್ನಾಕು ಮುರದ್ರ ನಮಸ್ಕಾರ ಹೇಳಿ ಬರ್ರಿ. ಟ್ರ್ಯಾಕಿನ ಕಿಡಕಿಗೆ ಹಾಕಿರೂ ಸ್ಟೀಲ್ ಕ್ಲಿಪ್ ಎಷ್ಟು ಬಿದ್ದಾವು ಅದನ್ನೂ ನೋಡ್ರಿ, ಕ್ಲಿಪ್ ಇಲ್ಲದ ಕಡೆ ರಬ್ಬರ್ ನೇರ ಹೈಫ್ಯಾಕ್ಸಿಗೆ ತಿಕ್ಕತೈತಿ.

ಹೈಫ್ಯಾಕ್ಸ್ ಅಂದ್ರ ಸ್ಕಿಡ್ (ಟ್ರ್ಯಾಕ್ ಒಳಗಿನ ಸಸ್ಪೆನ್ಷನ್) ಹಳಿ ಕೆಳಗ ಉದ್ದಕ್ಕ ಇರೂ ಪ್ಲಾಸ್ಟಿಕ್ ಪಟ್ಟಿ, ಟ್ರ್ಯಾಕ್ ಅದರ ಮ್ಯಾಲ ಜಾರತೈತಿ. ಅದನ್ನ ತಂಪು ಇಡೂದು ಹಿಮಾನ. ಗಟ್ಟಿ ಮಂಜುಗಡ್ಡಿ ದಾರಿ ಮ್ಯಾಲ ಮೈಲಿಗಟ್ಟಲೆ ಓಡಿಸಿದ್ರ ಹಿಮ ಹಾರಂಗಿಲ್ಲ, ಪಟ್ಟಿ ಕಾದು ಕರಗತೈತಿ. ಬದಲಿ ಮಾಡೂದು ದೊಡ್ಡ ಖರ್ಚಲ್ಲ, ಆದ್ರ ಅದು ಯಾವ ಥರ ಸವದೈತಿ ಅನ್ನೂದು ಹಿಂದಿನ ಮಾಲಕನ ಜಾತಕ ಹೇಳತೈತಿ. ಒಂದೇ ಕಡೆ ಪೂರ್ತಿ ತಿಂದಿದ್ರ ಹಳಿ ಬಗ್ಗೇತಿ, ಇಲ್ಲಾ ಟ್ರ್ಯಾಕ್ ಅಲೈನ್‌ಮೆಂಟ್ ಯಾವತ್ತೂ ನೋಡಿಲ್ಲ.

ಹಿಂದ್ಕಿನ ಭಾಗ ಎತ್ತಿ ಟ್ರ್ಯಾಕ್ ಕೈಲೆ ತಿರುಗಸ್ರಿ. ಗರಗರ ಸದ್ದು ಬಂದ್ರ ಬೇರಿಂಗ್. ಜ್ಯಾಕ್‌ಶಾಫ್ಟ್ ಹಿಡದು ಮ್ಯಾಲ ಕೆಳಗ ಅಳ್ಳಾಡಸ್ರಿ, ಪ್ಲೇ ಇರಬಾರದು. ಚೈನ್‌ಕೇಸ್ (ಆ ಎರಡನೇ ಚೈನ್ ಇರೂ ಡಬ್ಬಿ) ಎಣ್ಣಿ ಒಂಚೂರು ಅರಿವಿ ಮ್ಯಾಲ ತಗದು ನೋಡ್ರಿ. ಬೆಳ್ಳಿ ಬಣ್ಣದ ಪೇಸ್ಟ್ ಸ್ವಲ್ಪ ಇರೂದ, ಹರಳು ಸಿಕ್ರ ಒಳಗ ಏನೋ ಮುರದೈತಿ. ಎಣ್ಣಿ ಹಾಲು ಹಾಕಿದ ಚಾ ಆಗಿದ್ರ ನೀರು ಹೊಕ್ಕೈತಿ. ಶಾಕ್ ರಾಡ್ ಮ್ಯಾಲ ಎಣ್ಣಿ ಜಿಡ್ಡು ಐತೇನು, ಸಣ್ಣ ಗಾಲಿಗೋಳ ರಬ್ಬರ್ ಸುಲದೈತೇನು, ಸ್ಕೀ ಅಡಿ ಕಾರ್ಬೈಡ್ ಉಳದೈತೇನು, ಸ್ಪಿಂಡಲ್ ಬುಶ್ ಲಡಬಡ ಅಂತೈತೇನು, ಇವು ನಾಕೂ ಸಣ್ಣವು. ರೇಟ್ ಇಳಸಾಕ ಚಲೋ ಬರ್ತಾವು.

ಕಡೀಕ ಸೀರಿಯಲ್ ನಂಬರ್ ಪ್ಲೇಟ್. ಚಳಿಗಾಲದಾಗ ಟ್ರೇಲರ್ ಸಮೇತ ಕಳವಾಗ್ತಾವು ಇವು. ಪ್ಲೇಟ್ ಕಿತ್ತಿದ್ರ, ಹಳೇ ರಸೀದಿ ಇಲ್ಲಾ ಅಂದ್ರ, ಅಗ್ಗ ಸಿಕ್ಕಿತು ಅಂತ ಹಲ್ಲು ಕಿರೀಬ್ಯಾಡ್ರಿ.

ಕೊಪ್ಪದ_ಹುಡ್ಗ

ಅಬ್ಬಾ, ಇದನ್ನ ಪ್ರಿಂಟ್ ತೆಗ್ಸಿ ಜೇಬಲ್ಲಿ ಇಟ್ಕೊಂಡು ಹೋಗ್ತೀನಿ. ಡೀಲರಿಗೆ ಫೋನ್ ಮಾಡಿದೆ. 120 ಕಿಟ್‌ನ ಫಿಟ್ ಕಿಟ್ ನನ್ನ ಬೈಕಿಗೆ ಬರಲ್ಲ, ಬೇರೆ ತರಿಸ್ಬೇಕು ಅಂದ್ರು. 137ಕ್ಕೆ ಬೇಕಿರೋ ಸೆಟ್ ಒಂದು ಸ್ಟಾಕಲ್ಲಿದೆಯಂತೆ. ಮಾರೋವನಿಗೆ ಇದನ್ನ ಹೇಳಿದ್ರೆ "ಡೀಲರಿಗೇನು ಗೊತ್ತು" ಅಂದ. ಸರಿ ಹೋಯ್ತು.

ಇನ್ನೊಂದು ವಿಷ್ಯ, ಬೈಕಲ್ಲಿ ಬೇರೆ ಏನಾದ್ರೂ ಮಾಡಿಸ್ಬೇಕಾ? ಎಂಜಿನ್ ಹೇಗೂ ಸ್ಟಾಕ್ ಇದೆ, ಹಿಮದಲ್ಲಿ ಹೀಟ್ ಆಗೋ ಪ್ರಶ್ನೆನೇ ಇಲ್ವಲ್ಲ?

ಹಿಮದ_ಹೋರಿ

ಹೀಟ್ ಆಗಲ್ಲ, ಅದೇ ತೊಂದ್ರೆ. ಡರ್ಟ್ ಬೈಕಿನ ಎಂಜಿನ್ ಬಿಸಿಲಲ್ಲಿ ನಿಧಾನ ಓಡಿದ್ರೂ ಕೂಲ್ ಆಗಿರ್ಬೇಕು ಅಂತ ಮಾಡಿದ್ದು, ಮೈನಸ್ ಹತ್ತರಲ್ಲಿ ರೇಡಿಯೇಟರ್ ಮೇಲೆ ಹಿಮ ಚಿಮ್ಮುತ್ತಾ ಇದ್ರೆ ನೀರು ಯಾವತ್ತೂ ಬಿಸಿಯೇ ಆಗಲ್ಲ. ತಣ್ಣಗಿರೋ ಎಂಜಿನ್‌ಗೆ ಇಂಜೆಕ್ಷನ್ ಪೆಟ್ರೋಲ್ ಜಾಸ್ತಿ ಸುರಿಯುತ್ತೆ, ಉರಿಯದೆ ಉಳಿದಿದ್ದು ಸಿಲಿಂಡರ್ ಗೋಡೆ ತೊಳ್ಕೊಂಡು ಕೆಳಗೆ ಆಯಿಲ್‌ಗೆ ಸೇರುತ್ತೆ. ಒಂದು ದಿನ ಓಡ್ಸಿ ಬಂದು ಗೇಜಲ್ಲಿ ನೋಡಿದ್ರೆ ಆಯಿಲ್ ಲೆವೆಲ್ ಏರಿರುತ್ತೆ. ಖುಷಿ ಪಡ್ಬೇಡಿ, ಮೂಸಿ ನೋಡಿ, ಪೆಟ್ರೋಲ್ ವಾಸನೆ.

ಅದಕ್ಕೆ ಥರ್ಮೋಸ್ಟಾಟ್ ಕಿಟ್ ಹಾಕ್ಲೇಬೇಕು, ಬೈಪಾಸ್ ಇರೋದು, ಇನ್ನೂರು ಡಾಲರ್ ಆಸುಪಾಸು. ಅದು ನೀರನ್ನ ಎಂಜಿನ್ ಒಳಗೇ ಸುತ್ತಾಡಿಸಿ ಬಿಸಿ ಆದ್ಮೇಲೆ ರೇಡಿಯೇಟರಿಗೆ ಬಿಡುತ್ತೆ. ಇದಿಲ್ದೆ ಬರೀ ರೇಡಿಯೇಟರ್ ಮುಂದೆ ರಟ್ಟು ಕಟ್ಟಿ ಓಡ್ಸೋರು ಇದಾರೆ, ಟ್ರೈಲ್ ಮೇಲೆ ತಣ್ಣಗಾಗುತ್ತೆ, ಡೀಪ್ ಹಿಮದಲ್ಲಿ ಫುಲ್ ಥ್ರಾಟಲ್ ಕೊಟ್ರೆ ಕುದಿಯುತ್ತೆ, ಅರ್ಧ ದಿನ ರಟ್ಟು ಹಾಕೋದು ತೆಗೆಯೋದೇ ಕೆಲಸ. ಎಂಜಿನ್ ಸುತ್ತ ಮುಚ್ಚೋ ಬಟ್ಟೆ ಕವರ್ ಕೂಡ ಸಿಗುತ್ತೆ, ತಗೊಳ್ಳಿ. ಆಯಿಲ್ 0ಡಬ್ಲ್ಯೂ-40 ಹಾಕಿ, ಬೇಸಿಗೆಗಿಂತ ಬೇಗ ಬೇಗ ಬದಲಾಯಿಸಿ.

ನಿಮ್ಮ ಬೈಕಿಗೆ ಅಂತಲೇ ಒಂದು ಮಾತು. 2016ರಿಂದ ಡಬ್ಲ್ಯೂಆರ್450ಎಫ್‌ನ ಏರ್ ಫಿಲ್ಟರ್ ಸೀಟ್ ಕೆಳಗಲ್ಲ, ಮುಂದೆ ಹ್ಯಾಂಡಲ್ ಹತ್ರ ಇರೋದು. ಸ್ಕೀ ಎಬ್ಬಿಸೋ ಹಿಮದ ಪುಡಿ ಸೀದಾ ಅಲ್ಲಿಗೆ. ಎಣ್ಣೆ ಹಚ್ಚಿದ ಫೋಮ್ ಫಿಲ್ಟರ್ ಮೇಲೆ ಅದು ಕೂತು ಗಟ್ಟಿಯಾದ್ರೆ ಎಂಜಿನ್ ಉಸಿರು ಕಟ್ಟಿ ನಿಲ್ಲುತ್ತೆ. ನೀರು ಹಿಡಿಯದ ಜಾಲರಿ ಪ್ರೀಫಿಲ್ಟರ್ ಹಾಕಿ. ಮ್ಯಾಪ್ (ಎಂಜಿನ್ ಎಷ್ಟು ಪೆಟ್ರೋಲ್ ಕುಡೀಬೇಕು ಅನ್ನೋ ಸೆಟ್ಟಿಂಗ್) ಮಾತ್ರ ಯಮಹಾ ಪವರ್ ಟ್ಯೂನರಲ್ಲಿ ನೀವೇ ಮಾಡ್ಕೋಬಹುದು, ಕಾರ್ಬ್ಯುರೇಟರ್ ಬೈಕಿನವ್ರ ಥರ ಹಿಮದಲ್ಲಿ ಕೂತು ಜೆಟ್ ಬದಲಾಯಿಸೋ ಕರ್ಮ ಇಲ್ಲ. ಬಿಸಿ ಆಗೋ ಗ್ರಿಪ್ ಹಾಕೋವಾಗ ಸ್ಟೇಟರ್ (ಬೈಕಲ್ಲಿ ಕರೆಂಟ್ ತಯಾರಿಸೋ ಭಾಗ) ಎಷ್ಟು ವಾಟ್ ಕೊಡುತ್ತೆ ನೋಡ್ಕೊಳ್ಳಿ. ಲಿಥಿಯಂ ಬ್ಯಾಟರಿ ಇದ್ರೆ ಬೆಳಿಗ್ಗೆ ಚಳಿಗೆ ಮುಷ್ಕರ ಹೂಡುತ್ತೆ, ನಿಮಗೆ ಕಿಕ್ ಇದೆ, ಬಚಾವ್.

ಕುಡ್ಲದ_ಸವಾರ (ಸ್ಪೋಕೇನ್)

ಮಾರಾಯ್ರೆ, ಎಲ್ಲರೂ ಬೋಲ್ಟು ಬೇರಿಂಗ್ ಹೇಳಿ ಆಯ್ತು, ನಾನು ಸ್ವಲ್ಪ ಕಲ್ಲು ಹಾಕ್ತೇನೆ. ಲೆಕ್ಕ ಮಾಡಿ ನೋಡಿ, ಕಿಟ್ 2,100, ಫಿಟ್ ಕಿಟ್, ಥರ್ಮೋಸ್ಟಾಟ್, ಹೈಫ್ಯಾಕ್ಸ್, ಬೇರಿಂಗ್, ಗ್ರಿಪ್, ಪ್ರೀಫಿಲ್ಟರ್, ಎಲ್ಲ ಸೇರಿದ್ರೆ ಮೂರು ಸಾವಿರ ದಾಟಿತು. ಆ ದುಡ್ಡಿಗೆ ಒಂದು ಹಳೆಯ ಮೌಂಟನ್ ಸ್ನೋಮೊಬೈಲ್ ಬರ್ತದೆ, 800 ಸಿಸಿ, ನಿಮ್ಮ ಬೈಕಿನ ಎರಡು ಪಟ್ಟಿಗಿಂತ ಜಾಸ್ತಿ ಪವರ್ ಉಂಟು, ಕೀ ಹಾಕಿದ್ರೆ ಹೋಯ್ತು. ಆಫೀಸಿನವ್ರ ಜೊತೆ ಹೋಗ್ಲಿಕ್ಕೆ ಅಂತ ಆದ್ರೆ ಅದೇ ಸರಿ, ಯಾಕಂದ್ರೆ ದೊಡ್ಡ ಬಯಲಲ್ಲಿ ಹೊಸ ಹಿಮದಲ್ಲಿ ಅವರು ಹತ್ತಿ ಹೋಗಿ ಮೇಲೆ ಚಾ ಕುಡೀವಾಗ ನೀವು ಕೆಳಗೆ ಇರ್ತೀರಿ.

ಆದ್ರೆ ಒಂದು ಸತ್ಯ ಹೇಳ್ಬೇಕು. ದಟ್ಟ ಮರಗಳ ಮಧ್ಯೆ, ಓರೆ ಇಳಿಜಾರಿನಲ್ಲಿ ಅಡ್ಡ ಹೋಗ್ಲಿಕ್ಕೆ ಸ್ನೋ ಬೈಕಿನಷ್ಟು ಸುಲಭದ್ದು ಬೇರೆ ಇಲ್ಲ. ಸ್ನೋಮೊಬೈಲಲ್ಲಿ ಅದನ್ನು ಕಲೀಲಿಕ್ಕೆ ವರ್ಷ ಬೇಕು, ಡರ್ಟ್ ಬೈಕ್ ಗೊತ್ತಿದ್ದವರು ಇದರಲ್ಲಿ ಮಧ್ಯಾಹ್ನದೊಳಗೆ ಹೋಗ್ತಾರೆ. ಟ್ರೈಲ್ ಮೇಲೆ ಮಾತ್ರ ಬೋರ್. ಗಟ್ಟಿ ದಾರಿಯಲ್ಲಿ ಸ್ಕೀ ಹಳೆಯ ಗೀರು ಹಿಡ್ಕೊಂಡು ಆಚೆ ಈಚೆ ಎಳೀತದೆ, ಕೈ ನೋವು.

ಮತ್ತೆ ಮುಖ್ಯ ವಿಷಯ ಯಾರೂ ಎತ್ತಲಿಲ್ಲ. ಅವಲಾಂಚ್, ಅಂದ್ರೆ ಹಿಮಕುಸಿತ. ಬೀಕನ್ (ಹೂತವರನ್ನು ಹುಡುಕುವ ಸಿಗ್ನಲ್ ಯಂತ್ರ), ಶವೆಲ್, ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು) ಮೂರು ಇಲ್ಲದೆ ಟ್ರೈಲ್ ಬಿಟ್ಟು ಇಳೀಬೇಡಿ, ಜೊತೆಗೆ ಬರುವವನ ಹತ್ರವೂ ಇರ್ಬೇಕು, ನಿಮ್ಮನ್ನು ಅಗೆಯುವುದು ಅವನು ಅಲ್ವಾ. ಹಿಮದಡಿ ಸಿಕ್ಕಿದವರಿಗೆ ಮೊದಲ ಹತ್ತು-ಹದಿನೈದು ನಿಮಿಷವೇ ಎಲ್ಲ, ಹೆಲಿಕಾಪ್ಟರ್ ಬರುವಾಗ ತಡ ಆಗಿರ್ತದೆ. ಹೆಚ್ಚಿನವು ಬೀಳುವುದು 30ರಿಂದ 45 ಡಿಗ್ರಿ ಇಳಿಜಾರಲ್ಲಿ, ಅಂದ್ರೆ ನಿಮಗೆ ಹತ್ಲಿಕ್ಕೆ ಆಸೆ ಆಗುವ ಜಾಗದಲ್ಲೇ. ನೀವು ಇಳಿಜಾರಿನ ಕೆಳಗೆ ನಿಂತಿದ್ರೂ ಮೇಲಿನದ್ದು ನಿಮ್ಮ ಮೇಲೇ ಬರ್ತದೆ. ಮೆಕಾಲ್ ಕಡೆಗೆ ಪೆಯೆಟ್ ಅವಲಾಂಚ್ ಸೆಂಟರ್ ಉಂಟು, ಅವರ ಮುನ್ಸೂಚನೆ ಓದಿಯೇ ಮನೆ ಬಿಡಿ, ಒಂದು ಕ್ಲಾಸ್ ಮಾಡಿ. ಬೀಕನ್ ಎದೆಗೆ ಕಟ್ಟಿ, ಫೋನ್ ಬೇರೆ ಜೇಬಲ್ಲಿ, ಕಡಿಮೆ ಅಂದ್ರೆ 20 ಸೆಂಟಿಮೀಟರ್ ದೂರ. ಹುಡುಕುವಾಗ ಅರ್ಧ ಮೀಟರ್. ಬಿಸಿ ಗ್ಲೌಸ್‌ನ ಬ್ಯಾಟರಿಯೂ ಸಿಗ್ನಲ್ ಕೆಡಿಸ್ತದೆ.

ದೊಡ್ಡ ಮರದ ಬುಡದಲ್ಲಿ ಹಿಮ ಟೊಳ್ಳಾಗಿ ಹೊಂಡ ಇರ್ತದೆ, ಅದಕ್ಕೆ ತಲೆಕೆಳಗಾಗಿ ಬಿದ್ರೆ ಒಬ್ಬನೇ ಏಳ್ಲಿಕ್ಕೆ ಆಗುವುದಿಲ್ಲ. ಸ್ನೋ ಬೈಕಿನವ್ರು ಹೋಗುವುದೇ ಮರದ ಮಧ್ಯೆ. ಒಬ್ಬರೇ ಹೋಗ್ಬೇಡಿ.

ಕೊಪ್ಪದ_ಹುಡ್ಗ

ಥ್ಯಾಂಕ್ಸ್ ಸಾರ್, ಇದು ನಿಜವಾಗ್ಲೂ ಬಜೆಟ್ಟಲ್ಲೇ ಇರ್ಲಿಲ್ಲ. ಬೀಕನ್ ಸೆಟ್ ಸೆಕೆಂಡ್ ಹ್ಯಾಂಡ್ ಬೇಡ, ಹೊಸದೇ ತಗೊಳ್ತೀನಿ. ಸ್ನೋಮೊಬೈಲ್ ಯೋಚನೆ ಒಂದು ರಾತ್ರಿ ತಲೇಲಿ ಓಡ್ತು, ಆದ್ರೆ ಇನ್ನೊಂದು ಎಂಜಿನ್ ಸಾಕೋಕೆ ಗ್ಯಾರೇಜಲ್ಲಿ ಜಾಗನೂ ಇಲ್ಲ, ಮನೇಲಿ ಪರ್ಮಿಶನ್ನೂ ಇಲ್ಲ.

ರಿಜಿಸ್ಟ್ರೇಷನ್ ಕಥೆ ಏನು? ಬೇಸಿಗೆ ಸ್ಟಿಕ್ಕರ್ ಇದೆ ನನ್ನತ್ರ.

ಹುಬ್ಬಳ್ಳಿ_ಮೋಟೋ

ಬ್ಯಾಸಗಿ ಸ್ಟಿಕ್ಕರ್ ಬ್ಯಾರೆ, ಸ್ನೋಮೊಬೈಲ್ ಸ್ಟಿಕ್ಕರ್ ಬ್ಯಾರೆ ರೀ. ಐಡಹೋದಾಗ ಪಾರ್ಕ್ಸ್ ಅಂಡ್ ರಿಕ್ರಿಯೇಶನ್ ಇಲಾಖೆ ಕೊಡ್ತದ, ಹೋಗೂಕಿಂತ ಮೊದಲ ಮಾಡಸ್ರಿ. ಫಾರೆಸ್ಟ್ ಸರ್ವಿಸ್ ಲೆಕ್ಕದಾಗ ಹಿಮದ ಮ್ಯಾಲ ಟ್ರ್ಯಾಕ್ ಇಲ್ಲಾ ಸ್ಕೀ ಮ್ಯಾಲ ಓಡೂ ಮೋಟಾರ್ ಗಾಡಿ ಎಲ್ಲಾ ಓವರ್-ಸ್ನೋ ವೆಹಿಕಲ್. ಅಂದ್ರ ಸ್ನೋಮೊಬೈಲಿಗೆ ಬಂದ್ ಇರೂ ಜಾಗ ನಿಮಗೂ ಬಂದ್. ಬ್ಯಾಸಗಿಯಾಗ ಬೈಕ್ ಹೊಡೀತಿದ್ದ ಟ್ರೈಲ್ ಚಳಿಗಾಲಕ್ಕ ತೆರದೈತಿ ಅಂತ ತಿಳೀಬ್ಯಾಡ್ರಿ, ಚಳಿಗಾಲದ ಮ್ಯಾಪ್ ಬ್ಯಾರೆ ಇರ್ತದ, ಫೋನಿನ್ಯಾಗ ಇಳಿಸ್ಕೋರಿ. ಫ್ರ್ಯಾಂಕ್ ಚರ್ಚ್, ಸಾಟೂತ್ ಇಂಥಾ ವಿಲ್ಡರ್ನೆಸ್ ಗಡಿ ಒಳಗ ಮೋಟಾರೇ ಇಲ್ಲ.

ಮಡ್‌ಗಾರ್ಡ್_ಮಂಜ (ಬೆಂಗ್ಳೂರು)

ಅಣ್ಣಂದಿರಾ ಮಧ್ಯ ಬಾಯಿ ಹಾಕ್ತಿದೀನಿ ಸಾರಿ. ನಂದು ಎಕ್ಸ್‌ಪಲ್ಸ್ 200. ಇಂಥದ್ದೊಂದು ತರಿಸ್ಕೊಂಡು ಮನಾಲಿ ಸೊಲಾಂಗ್ ಕಡೆ ಜನವರೀಲಿ ಓಡ್ಸಿದ್ರೆ ಹೇಗೆ? ಸೀರಿಯಸ್ಸಾಗಿ ಕೇಳ್ತಿದೀನಿ, ನಗ್ಬೇಡಿ.

ಹಿಮದ_ಹೋರಿ

ನಗಲ್ಲಪ್ಪ. ಎಕ್ಸ್‌ಪಲ್ಸ್ ಹದಿನೆಂಟು ಪಿಎಸ್ ಆಸುಪಾಸು, ಇಲ್ಲಿ 250 ಮೋಟೋಕ್ರಾಸ್ ಬೈಕೇ ಡೀಪ್ ಹಿಮದಲ್ಲಿ ಏದುಸಿರು ಬಿಡುತ್ತೆ. ಟ್ರ್ಯಾಕ್ ತಿರುಗೋಕೇ ಅರ್ಧ ಪವರ್ ತಿನ್ನುತ್ತೆ, ಮೇಲೆ ಮನಾಲಿ ಎತ್ತರ. ನಿಮ್ಮ ಬೈಕಿಗೆ ಅಂತ ಫಿಟ್ ಕಿಟ್ ಕಂಪನಿಯವ್ರು ಮಾಡಿಲ್ಲ, ಅಡಾಪ್ಟರ್ ಎಲ್ಲ ಲೇತಲ್ಲಿ ಮಾಡಿಸ್ಬೇಕು, ಶಿಪ್ಪಿಂಗು ಕಸ್ಟಮ್ಸು ಸೇರಿದ್ರೆ ಇನ್ನೊಂದೆರಡು ಎಕ್ಸ್‌ಪಲ್ಸ್ ಬರುತ್ತೆ. ಗುಲ್ಮಾರ್ಗಲ್ಲಿ ಸ್ನೋಮೊಬೈಲ್ ಬಾಡಿಗೆಗೆ ಸಿಗುತ್ತೆ, ಒಂದು ರೌಂಡ್ ಹೊಡೀರಿ.

ಮಡ್‌ಗಾರ್ಡ್_ಮಂಜ

ಲೇತ್ ಅಂದ್ರಲ್ಲ ಅಣ್ಣ, ಪೀಣ್ಯದಲ್ಲಿ ನಮ್ಮ ಚಿಕ್ಕಪ್ಪಂದು ಶೆಡ್ ಇದೆ 😄 ಓಕೆ ಓಕೆ, ಬಿಟ್ಟೆ.

ಕೊಪ್ಪದ_ಹುಡ್ಗ

ಅಪ್‌ಡೇಟ್. ಎರಡೂ ನೋಡ್ಕೊಂಡು ಬಂದೆ.

120 ಹೊರಗಿಂದ ಮಿರಮಿರ ಅಂತಿತ್ತು. ಟ್ರ್ಯಾಕ್ ಲಗ್ ಚೆನ್ನಾಗಿದೆ, ಶಾಕ್ ಡ್ರೈ. ಆದ್ರೆ ಚೈನ್‌ಕೇಸ್ ಆಯಿಲ್ ನೋಡ್ಬೇಕು ಅಂದಿದ್ದಕ್ಕೆ "ಸೀಲ್ ಹಾಳಾಗುತ್ತೆ, ಮುಟ್ಬೇಡ" ಅಂದ. ಸೀರಿಯಲ್ ಪ್ಲೇಟ್ ಫೋಟೋ ತೆಗೀಲಾ ಅಂದ್ರೆ ಯಾಕೆ ಅಂದ. ಅಲ್ಲಿಂದ ಹೊರಟೆ, ರೇಟ್ ಮಾತೇ ಎತ್ತಲಿಲ್ಲ.

137 ನೋಡೋಕೆ ಕೊಳಕು. ಹೈಫ್ಯಾಕ್ಸ್ ಮುಗಿದೇ ಹೋಗಿದೆ, ಎರಡೂ ಕಡೆ ಸಮ ಸವೆದಿದೆ. ಹಿಂದಿನ ಎರಡು ಗಾಲಿ ರಬ್ಬರ್ ಸುಲಿದಿದೆ, ಒಂದು ಕ್ಲಿಪ್ ಇಲ್ಲ. ಎಡಗಡೆ ಡ್ರೈವ್‌ಶಾಫ್ಟ್ ಬೇರಿಂಗ್ ಸ್ವಲ್ಪ ಸದ್ದು. ಕಡ್ಡಿ ಎಲ್ಲ ಒಂದೊಂದೇ ಮಣಿಸಿ ನೋಡಿದೆ, ಅವನ ಹೆಂಡ್ತಿ ಕಿಟಕೀಲಿ ನಿಂತು ಇವನೇನು ಮಸಾಜ್ ಮಾಡ್ತಿದಾನೆ ಅನ್ನೋ ಥರ ನೋಡ್ತಿದ್ಲು, ಒಂದೂ ಮುರಿದಿಲ್ಲ. ಟನಲ್ ಕ್ಲೀನ್, ರಿವೆಟ್ ಗಟ್ಟಿ. ಆಯಿಲ್ ಅವನೇ ತೆಗೆದು ತೋರಿಸ್ದ, ಕಪ್ಪಗಿತ್ತು, ಹರಳಿಲ್ಲ. ಹಳೇ ರಸೀದಿ, ಮ್ಯಾನ್ಯುಯಲ್, ಒಂದು ಡಬ್ಬ ಸ್ಪೇಸರ್ ಎಲ್ಲ ಇಟ್ಕೊಂಡಿದ್ದ. 1,700ಕ್ಕೆ ಮುಗೀತು, ಡೀಲರ್ ಹತ್ರ ಫಿಟ್ ಕಿಟ್ ತೆಗೆದಿಡಿ ಅಂತ ಹೇಳಿ ಅಡ್ವಾನ್ಸ್ ಕೊಟ್ಟಾದ್ಮೇಲೇನೇ ಇವನಿಗೆ ದುಡ್ಡು ಕೊಟ್ಟಿದ್ದು.

ಹೈಫ್ಯಾಕ್ಸ್, ಬೇರಿಂಗ್ ಎರಡೂ ಕಡೆದು, ಗಾಲಿ, ಥರ್ಮೋಸ್ಟಾಟ್ ಆರ್ಡರ್ ಹಾಕಿದೀನಿ. ಬ್ರೇಕ್ ಬಗ್ಗೆ ಒಂದು ಡೌಟು, ಮುಂದಿನ ಬ್ರೇಕ್ ಏನ್ ಮಾಡೋದು?

ಹುಬ್ಬಳ್ಳಿ_ಮೋಟೋ

ಚಲೋ ವ್ಯಾಪಾರ ಮಾಡೀರಿ. ಮುಂದ ಡಿಸ್ಕ್ ಹೋಗ್ತದ, ಕ್ಯಾಲಿಪರ್ ಬಿಚ್ಚಿ ಪ್ಯಾಡ್ ನಡುವ ಒಂದು ಕಟಗಿ ತುಂಡು ಇಟ್ಟು ಕಟ್ಟಿ ಇಡ್ರಿ, ಇಲ್ಲಂದ್ರ ಯಾರರ ಲಿವರ್ ಒತ್ತಿದ್ರ ಪಿಸ್ಟನ್ ಹೊರಗ ಬರ್ತಾವು. ಟ್ರ್ಯಾಕಿನ ಡಿಸ್ಕಿಗೆ ಬ್ರೇಕ್ ಯಾವ ಕಡೆಯಿಂದ ಕೊಡೂದು ಅಂತ ನಿಮ್ಮ ಕಿಟ್ ಮ್ಯಾನ್ಯುಯಲ್ ನೋಡ್ರಿ, ಹಿಂದಿನ ಪೆಡಲ್ ಮಾಸ್ಟರ್ ಸಿಲಿಂಡರಿಗೆ ಕೂಡಿಸೂದಾದ್ರ ಗಾಳಿ ಪೂರಾ ತಗೀರಿ, ಹೋಸ್ ಟ್ರ್ಯಾಕಿಗೆ ತಾಗಧಂಗ ಕಟ್ರಿ.

ಕೂಡಸೂದು ಮೊದಲ ಸಲ ಒಂದಿಡೀ ದಿನ ತಿನ್ನತೈತಿ. ಬಿಚ್ಚಿದ ಬೋಲ್ಟ್ ಎಲ್ಲಾ ಚೀಲದಾಗ ಹಾಕಿ ಹೆಸರು ಬರೀರಿ, ಏಪ್ರಿಲ್‌ದಾಗ ಬೇಕಾಗ್ತಾವು. ಪಿವಟ್ ಬೋಲ್ಟಿಗೆ ಟಾರ್ಕ್ ರೆಂಚ್ ಹಿಡೀರಿ, ಅಂದಾಜಿಗೆ ಬ್ಯಾಡ. ಮೊದಲ ದಿನ ಪಾರ್ಕಿಂಗ್ ಸುತ್ತ ಅರ್ಧ ತಾಸು ಓಡಿಸಿ ನಿಲ್ಲಸ್ರಿ, ಚೈನ್ ಎರಡೂ ಸಡಲ ಆಗಿರ್ತಾವು, ಟ್ರ್ಯಾಕ್ ಟೆನ್ಶನ್ನೂ ಬದಲಾಗಿರ್ತದ, ಬಿಗಿ ಮಾಡಿ ಆಮ್ಯಾಲ ಗುಡ್ಡದ ಕಡೆ ಹೋಗ್ರಿ. ಟ್ರ್ಯಾಕ್ ಭಾಳ ಬಿಗಿ ಮಾಡಬ್ಯಾಡ್ರಿ, ಪವರ್ ತಿಂತದ. ಸ್ಕ್ರ್ಯಾಚರ್ ಇಲ್ಲಾ ಅಂದ್ರ ಒಂದು ಜೋಡಿ ಹಾಕಸ್ರಿ, ಗಟ್ಟಿ ದಾರಿ ಮ್ಯಾಲ ಹಿಮ ಕೆರದು ಹೈಫ್ಯಾಕ್ಸಿಗೆ ಎರಚತೈತಿ.

ಕುಡ್ಲದ_ಸವಾರ

1,700 ಅಂದ್ರೆ ಒಳ್ಳೇದೇ ಆಯ್ತು. ಮಾರ್ಚ್-ಏಪ್ರಿಲ್ ತನಕ ಕಾದಿದ್ರೆ ಇನ್ನೂ ಇಳೀತಿತ್ತು, ಆಗ ಎಲ್ರಿಗೂ ಗ್ಯಾರೇಜ್ ಖಾಲಿ ಆಗ್ಬೇಕು ಅಲ್ವಾ, ಆದ್ರೆ ಒಂದು ಸೀಸನ್ ಹೋಗ್ತಿತ್ತು. ಆ ಅವಲಾಂಚ್ ಕ್ಲಾಸ್ ಬುಕ್ ಮಾಡಿದ್ರಾ ಇಲ್ವಾ, ಅದು ಹೇಳಿ ಮೊದಲು.

ಕೊಪ್ಪದ_ಹುಡ್ಗ

ಮಾಡ್ದೆ ಸಾರ್, ಆಫೀಸಿನವನೊಬ್ಬನ್ನ ಎಳ್ಕೊಂಡೇ ಮಾಡಿದೀನಿ. ಇಷ್ಟು ದಿನ ಸ್ನೋಮೊಬೈಲ್ ಓಡಿಸ್ತಿದಾನೆ, ಅವನತ್ರ ಪ್ರೋಬೇ ಇರ್ಲಿಲ್ಲ.